ಹದಿನಾರು ತೂತಿನ ಹಿತ್ತಾಳೆ ತಗಡು

ಮಧುಗಿರಿಯಿಂದ ಶಿರಾಕ್ಕೆ ಬರುವ ಬಸ್ಸು ಬಡವನಹಳ್ಳಿ ದಾಟಿ ಎಷ್ಟೇ ರಭಸದಿಂದ ಓಡಲಿ, ಅದರ ಮೂತಿಯ ಮೇಲೆ ಕುಳಿತ ಧೂಳು ಕುಳಿತೇ ಇರುವುದನ್ನು ನೀವೂ ಗಮನಿಸಿರಬಹುದು. ನನ್ನ ಟೋಪಿಯನ್ನು ಹಾರಿಸಿಕೊಂಡು ಹೋಗುವ ಗಾಳಿಗೆ ಚಿಟಿಕೆ ಧೂಳನ್ನು ಎಬ್ಬಿಸುವ ತ್ರಾಣವಿಲ್ಲವೇ ಎಂದು, ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಬೋಧಿಸುವ ಘನಕಾರ್ಯದಲ್ಲೇ ತಲೆ ನರೆಸಿಕೊಂಡ ನಾನು ಒಮ್ಮೆಯೂ ಕೇಳಿಕೊಂಡವನಲ್ಲ. ಕೇಳಿದವನು ನನ್ನ ಹೆಂಡತಿಯ ತಮ್ಮ ರಘು.

ಸ್ವಾತಂತ್ರ್ಯ ಬಂದ ಹತ್ತು ಹನ್ನೆರಡು ವರ್ಷಕ್ಕೆ ಅವನು ಬೆಂಗಳೂರಿನಲ್ಲಿ ಗಾಳಿಯ ಮೇಲೆ ಸಂಶೋಧನೆಗೆ ನಿಂತಿದ್ದ. ಗೋಡೆಗೆ ತಾಗಿದ ಗಾಳಿ ಅಲ್ಲೇ ನಿಂತುಬಿಡುತ್ತದಂತೆ. ಅದರ ಮೇಲಿನದು ತೆವಳುತ್ತ, ಅದರಾಚೆಯದು ಸಂತೆಯ ಜನರಂತೆ ತಳ್ಳಾಡುತ್ತ ಸಾಗುತ್ತದಂತೆ. ಈ ಗಲಭೆಯ ಗಾಳಿ ಗೋಡೆಯನ್ನು ಎಷ್ಟು ಒತ್ತುತ್ತದೆ, ಎಷ್ಟು ಉಜ್ಜುತ್ತದೆ ಎಂದು ಅಳೆಯುವುದೇ ಅವನ ತಪಸ್ಸು. ಒತ್ತಡಕ್ಕೆ, ಗೋಡೆಯಾಗಿ ಕೂರಿಸಿದ ಹಿತ್ತಾಳೆ ತಗಡಿನಲ್ಲಿ ಸೂಜಿಮೊನೆಯಂಥ ಹದಿನಾರು ತೂತು. ಉಜ್ಜುವ ಬಲಕ್ಕೆ ತಗಡಿಗೆ ಒರಗಿಸಿಟ್ಟ ಸಣ್ಣ ನಳಿಗೆ. ನಳಿಗೆಯ ಮಾತು ನಿಜವಾಗಬೇಕಾದರೂ ತೂತಿನ ಸಾಕ್ಷ್ಯವೇ ಆಧಾರ. ಆ ಸಾಕ್ಷಿಗಳಲ್ಲಿ ಕೆಲವು ಐದು ತಿಂಗಳಿಂದ ಅಡ್ಡಾದಿಡ್ಡಿ ನುಡಿಯುತ್ತಿದ್ದವು. ಬೇಸಿಗೆಯೊಳಗೆ ಅಳತೆ ಸರಿಹೋಗದಿದ್ದರೆ ಗುರುಗಳು ಅವನ ಜಾಗವನ್ನು ಬೇರೊಬ್ಬನಿಗೆ ಕೊಡುವವರಿದ್ದರು.

ತಗಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದವನನ್ನು ಸ್ಟವ್ ರಿಪೇರಿಯ ದಸ್ತಗೀರ್ ಸಾಬರಲ್ಲಿಗೆ ಕರೆದೊಯ್ದೆ. ಸಣ್ಣ ತೂತೆಂದರೆ ಶಿರಾದಲ್ಲಿ ಅವರೇ.

ಸಾಬರು ತಗಡನ್ನು ಬಿಸಿಲಿಗೆ ಹಿಡಿದರು, ಉಗುರಾಡಿಸಿದರು. ಆಮೇಲೆ, ಶುಕ್ರವಾರವಾದ್ದರಿಂದ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ಅತ್ತರಿನ ಹತ್ತಿಯನ್ನು ತೆಗೆದು ಹಿಂಜಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರಾಗಿ ತಗಡಿನ ಮೇಲೆ ಎಳೆದರು. ಐದು ತೂತುಗಳ ಬಾಯಲ್ಲಿ ಒಂದೊಂದು ಎಳೆ ಸಿಕ್ಕಿ ನಿಂತಿತು. ರಘು ನೋಟ್‌ಬುಕ್ ತೆರೆದ. ತಪ್ಪು ಹೇಳುತ್ತಿದ್ದವೂ ಅವೇ ಐದು.

"ಅಂಚು ಎದ್ದೈತೆ ಸ್ವಾಮಿ. ಹಿಂದಿನಿಂದ ಏನ್ ಚುಚ್ಚಿದ್ರಿ?"

"ಧೂಳು ಕಟ್ಕೊಳ್ತಿತ್ತು... ಸ್ಟವ್ ಪಿನ್ನಲ್ಲಿ ತೆಗೀತಿದ್ದೆ."

"ಯಾ ಅಲ್ಲಾ! ಪಿನ್ನು ಸ್ಟವ್ವಿಗೆ ಕಣಪ್ಪ. ಅಲ್ಲಿ ಬೆಂಕಿ ಹತ್ಕೊಂಡ್ರೆ ಸಾಕು. ನಿಮ್ ಗಾಳಿ ಅಂಗಲ್ಲ, ಕೂದಲಿಗೂ ಎಡವ್ತೈತೆ."

ಪಿನ್ನಿನ ಈ ವಿದ್ಯೆಯನ್ನು ಅವನಿಗೆ ಕಲಿಸಿದ ಮಹಾಶಯ ನಾನೇ ಆದ್ದರಿಂದ ಅಂಗಡಿಯ ಸೂರನ್ನು ದಿಟ್ಟಿಸುತ್ತ ನಿಂತೆ. ಸಾಬರು ಎಣ್ಣೆ ಸವರಿದ ಸಾಣೆಕಲ್ಲಿನ ಚೂರಿನಿಂದ ಅಂಚುಗಳನ್ನು ತೀಡಿದರು. ಹತ್ತಿ ಎಲ್ಲೂ ನಿಲ್ಲದೆ ಜಾರುವವರೆಗೆ ಬೇರೆ ಯಾವ ಗಿರಾಕಿಯತ್ತಲೂ ತಿರುಗಲಿಲ್ಲ. ಮನೆಯಲ್ಲಿ ವಿಷಯ ಕೇಳಿದ ನನ್ನಾಕೆ, "ಲೇ ರಘು, ನನ್ ಪಿನ್ನುಗಳೆಲ್ಲ ಎಲ್ಲಿ ಮಾಯ ಆದ್ವು ಅಂತ ದೀಪಾವಳಿಯಿಂದ ಹುಡುಕ್ತಿದ್ದೀನಲ್ಲೋ!" ಎಂದಳು.

"ಇನ್ನು ಹನ್ನೊಂದು ತೂತಿನ ಅಳತೆ ಉಳೀತಲ್ಲ, ಸಾಲದೇನೋ?" ಎಂದೆ ನಾನು.

"ಅವನ್ನೂ ಚುಚ್ಚಿದ್ದೀನಿ ಭಾವ. ಯಾವ ದಿನ ಅಂತ ಬರೆದಿಟ್ಟಿಲ್ಲ. ಯಾವ ಅಳತೆ ಚುಚ್ಚೋಕೆ ಮುಂಚಿನದು, ಯಾವುದು ಆಮೇಲಿನದು ಅಂತ ಹೇಗೆ ನಂಬೋದು?"

ಹಾಗೆಂದವನು ಐದು ತಿಂಗಳ ಪುಟಗಳ ಮೇಲೆ ಒಂದೊಂದಾಗಿ ಅಡ್ಡಗೀಟು ಎಳೆದ. ಹಾಲಿನವನು ತಡವಾಗಿ ಬಂದದ್ದನ್ನೂ ದಿನಚರಿಯಲ್ಲಿ ಬರೆದಿಡುವ ನನಗೆ, ಬರೆದದ್ದನ್ನು ಹೊಡೆದುಹಾಕುವ ಪ್ರಾಮಾಣಿಕತೆ ಎಷ್ಟು ದೊಡ್ಡದೆಂದು ಆ ದಿನ ತಿಳಿಯಿತು.

ನಲವತ್ತು ದಿನದ ಮೇಲೆ ರಘುವಿನ ಕಾಗದ ಬಂತು: ಹೊಸ ಅಳತೆಯಲ್ಲಿ ಹದಿನಾರೂ ಹೊಂದಿಕೊಂಡಿವೆ, ಜಾಗ ಉಳಿಯಿತು. ಅಂಗಡಿಗೆ ಹೋಗಿ ಓದಿ ಹೇಳಿದೆ. ಗಾಳಿ ಎಷ್ಟು ಒತ್ತುತ್ತದಂತೆ ಎಂದು ಸಾಬರು ಕೇಳಿದರು. ಗಾಜಿನ ಕೊಳವೆಯಲ್ಲಿ ನೀರು ಇಷ್ಟು ಏರುತ್ತದಂತೆ ಎಂದು ಕಿರುಬೆರಳಿನ ಉಗುರು ತೋರಿಸಿದೆ.

"ಇಷ್ಟಕ್ಕಾ?" ಎಂದು ನಕ್ಕವರು, ಕೈಯಲ್ಲಿದ್ದ ಬರ್ನರನ್ನು ಕೆಳಗಿಟ್ಟು ನನ್ನ ಉಗುರನ್ನೇ ಕೊಂಚ ಹೊತ್ತು ನೋಡಿದರು.

"ಜಾಸ್ತಿ ಇದ್ದಿದ್ರೆ ಯಾರು ಬೇಕಾದ್ರೂ ಅಳೀತಿದ್ರು, ಬುಡಿ ಮೇಷ್ಟ್ರೇ."