ತುಟಿಗೆ ತಗುಲಿದ ಲೋಟ

ಆ ಶುಕ್ರವಾರ ಬೆಳಿಗ್ಗೆ ಎದ್ದು ದೇವರ ಮುಂದೆ ದೀಪ ಹಚ್ಚಿದೆ. ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟೆ. ನಮ್ಮವರ ಡಬ್ಬಿಗೆ ಚಪಾತಿ, ಮಗಳು ಸವಿತಾಗೆ ಸ್ಯಾಂಡ್‌ವಿಚ್ಚು. ಅತ್ತೆಯ ಸೀರೆ ಒಗೆದು ಬಾತ್‌ರೂಮಿನಲ್ಲಿ ಹರವಿದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದೆಂದು ಮ್ಯಾನೇಜರು ಹೇಳಿದ್ದಾನೆ. ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು, ವಾಲ್ನಟ್ ಕ್ರೀಕಿನಿಂದ ಡ್ಯಾನ್‌ವಿಲ್ಲಿನ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನಿದ್ದೆಯೇ ಬರುತ್ತಿತ್ತು, ಪ್ರಾರ್ಥನೆಯಲ್ಲ.

ಬನಶಂಕರಿಯ ಭಕ್ತರಾದ ನಿಮಗೆ ಇದನ್ನು ಬರೆಯಲೇಬೇಕು ಅನ್ನಿಸಿದೆ.

ನಾನು ಈ ಪರದೇಶದ ಒಂದು ವೃದ್ಧರ ಆರೈಕೆಮನೆಯಲ್ಲಿ ಆಯಾ ಕೆಲಸ ಮಾಡುತ್ತೇನೆ. ಹಾಸಿಗೆ ಹಿಡಿದವರನ್ನು ಎತ್ತುವುದು, ಮಗ್ಗುಲು ಹೊರಳಿಸುವುದು, ಮೈ ಒರೆಸುವುದು. ಉಣಿಸುವುದು, ಕುಡಿಸುವುದು ಬೇರೆಯವರ ಪಾಲು. ವರ್ಷಗಟ್ಟಲೆ ಎತ್ತಿ ಎತ್ತಿ ಸೊಂಟ ಸೋತಿತು. ಇನ್ನು ಎತ್ತುವ ಕೆಲಸ ಬೇಡ, ಓದಿ ಲೈಸೆನ್ಸ್ ತೊಗೊಂಡು ನರ್ಸ್ ಆಗು ಅಂತ ಡಾಕ್ಟರು, ಹೆಡ್ ನರ್ಸು ಇಬ್ಬರೂ ಹೇಳಿದರು. ೧೯೮೫ರಲ್ಲಿ, ಮಗಳು ಹೈಸ್ಕೂಲಿನಲ್ಲಿರುವಾಗ, ನಾನೂ ಸಂಜೆ ಕಾಲೇಜಿಗೆ ಸೇರಿದೆ. ಪುಸ್ತಕದ ಪರೀಕ್ಷೆಗಳನ್ನೇನೋ ದಾಟಿದೆ. ಸೋತದ್ದು ನೀರು ಕುಡಿಸುವುದರಲ್ಲಿ.

ನಗಬೇಡಿ. ನಮ್ಮ ಮನೆಗಳಲ್ಲಿ ಲೋಟ ತುಟಿಗೆ ತಗುಲಿಸಿದರೆ ಎಂಜಲು. ಮೇಲೆತ್ತಿ ಬಾಯಿಗೆ ಹೊಯ್ದುಕೊಳ್ಳಬೇಕು; ಇನ್ನೊಬ್ಬರಿಗೆ ಕುಡಿಸುವಾಗಲೂ ಹಾಗೆಯೇ. ಪ್ರಾಕ್ಟಿಕಲ್ಲಿನ ದಿನ ನನಗೆ ಕೊಟ್ಟದ್ದು ಡೊರೊಥಿ ಎಂಬ ಅಜ್ಜಿಯನ್ನು. ಲಕ್ವ ಹೊಡೆದು ಅವರ ಅರ್ಧ ಬಾಯಿ ಸ್ವಾಧೀನದಲ್ಲಿಲ್ಲ. ಟೀಚರು ನೋಡುತ್ತಿದ್ದಾರೆಂಬ ಗಾಬರಿಯಲ್ಲಿ ನನ್ನ ಕೈ ತನ್ನಷ್ಟಕ್ಕೆ ಮೇಲೆದ್ದು, ತೀರ್ಥ ಹಾಕಿದ ಹಾಗೆ ಹೊಯ್ದುಬಿಟ್ಟಿತು. ಅಜ್ಜಿಗೆ ನೆತ್ತಿಗೇರಿ ಮುಖ ಕೆಂಪಾಯಿತು, ಕೆಮ್ಮು ನಿಲ್ಲಲಿಲ್ಲ. ಟೀಚರು ಬೈಯಲಿಲ್ಲ. ನೀರು ಶ್ವಾಸಕೋಶಕ್ಕೆ ಹೋದರೆ ಇಂಥವರು ಉಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಇನ್ನೊಂದೇ ಅವಕಾಶ, ಆಗಲೂ ಹೀಗಾದರೆ ಕೋರ್ಸು ಬಿಡಬೇಕಾಗುತ್ತದೆ ಅಂದರು.

ಮನೆಯಲ್ಲಿ ಗೊಂಬೆಗೆ ಕುಡಿಸಿ ನೋಡಿದೆ, ದಿಂಬಿಗೆ ಕುಡಿಸಿ ನೋಡಿದೆ. ಯೋಚಿಸಿದಾಗ ಸರಿಯಾಗುತ್ತಿತ್ತು, ಯೋಚನೆ ತಪ್ಪಿದರೆ ಕೈ ಮತ್ತೆ ಮೇಲಕ್ಕೆ. ಸವಿತಾ ನೋಡಿ, "ಅಮ್ಮಾ, ಜಸ್ಟ್ ರಿಲ್ಯಾಕ್ಸ್" ಅಂದಳು. ರಿಲ್ಯಾಕ್ಸ್ ಆದರೇನೇ ಕೈ ಏಳುತ್ತಿತ್ತು ಅಂತ ಅವಳಿಗೆ ಹೇಗೆ ಹೇಳಲಿ! ಒಂದು ಸಂಜೆ ಬನಶಂಕರಿಯ ಫೋಟೋ ಮುಂದೆ ಕೂತು ಬಾಯಿಬಿಟ್ಟೇ ಕೇಳಿದೆ. ಅವ್ವಾ, ಈ ಕೈ ಬದಲಿಸು, ಇಲ್ಲದಿದ್ದರೆ ಓದುವ ಆಸೆಯನ್ನೇ ತೆಗೆದುಬಿಡು, ನನಗೆ ಸಾಕಾಗಿದೆ.

ನನ್ನ ಬೆನ್ನ ಹಿಂದೆಯೇ ಅತ್ತೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ಗದಗದವರು, ಮಹಾ ಮಡಿವಂತೆ. ಊರಿಂದ ತಂದ ತಾಮ್ರದ ತಂಬಿಗೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ನಾನು ಕೆಲಸದಿಂದ ಬಂದರೆ, "ಮಂದಿ ಮೈ ತೊಳದು ಬಂದೀ, ಮೊದಲ ನಿನ್ನ ಮೈ ತೊಳಕೋ" ಅಂತ ಬಾಗಿಲಲ್ಲೇ ತಡೆಯುವವರು. ಅವರಿಗೆ ಕೇಳಿಸಿತಲ್ಲ ಎಂದು ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಪಾತ್ರೆ ತೊಳೆದು ತಿರುಗಿದರೆ ಅತ್ತೆ ಊಟದ ಮೇಜಿನ ಕುರ್ಚಿಯಲ್ಲಿ ಕೂತಿದ್ದಾರೆ. ಕೊರಳಿಗೆ ಅಡಿಗೆಮನೆಯ ಟವೆಲು ಕಟ್ಟಿಕೊಂಡಿದ್ದಾರೆ. ಮುಂದೆ ಲೋಟದ ತುಂಬ ನೀರು.

"ಬಾರವ್ವಾ, ನಾನ ನಿನ್ನ ಪೇಶಂಟು. ಬಾಯಾಗ ಹಲ್ಲಿಲ್ಲ, ಕಚ್ಚಂಗಿಲ್ಲ."

ಸವಿತಾ ಪುಸ್ತಕದಿಂದ ತಲೆ ಎತ್ತಿ, "ಅಜ್ಜಿ, ಆರ್ ಯೂ ಶೂರ್?" ಅಂದಳು.

ನಾನು ಲೋಟ ತೆಗೆದುಕೊಂಡೆ. ಕೈ ಮತ್ತೆ ಮೇಲೇರಿತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿ, ಲೋಟದ ಅಂಚನ್ನು ತಾವೇ ತುಟಿಗೆ ಹಚ್ಚಿಕೊಂಡರು. ಹುಟ್ಟಿದಾಗಿನಿಂದ ಯಾವ ಪಾತ್ರೆಯನ್ನೂ ಕಚ್ಚಿ ಕುಡಿಯದ ತುಟಿ. ಗುಟುಕು ನುಂಗಿ ಹೇಳಿದರು:

"ಬನಶಂಕರಿ ಅಂದ್ರ ಶಾಕಂಬರಿ, ಎಲ್ಲಾರಿಗೂ ಉಣಸ್ಯಾಳ. ಯಾರ ಎಂಜಲ ಅಂತ ಕೇಳ್ಯಾಳೇನು? ಹೂಂ, ಇನ್ನೊಂದು ಗುಟುಕ."

ಅಂದಿನಿಂದ ದಿನಾ ಕುಡಿದರು. ಗದ್ದ ತಗ್ಗಿಸಿ ಕೂತು, ನಾನು ಹೇಳಿದಂತೆ ಮೆಲ್ಲಗೆ ನುಂಗಿ, ತಪ್ಪಿದಾಗ ನನ್ನ ಕೈಗೆ ಹಗೂರ ಹೊಡೆದು. ಕುಡಿದ ಮೇಲೆ ಸ್ನಾನಕ್ಕೆ ಹೋಗುತ್ತಿದ್ದರು, ಅದನ್ನು ಮಾತ್ರ ಬಿಡಲಿಲ್ಲ. ಚಳಿಯಲ್ಲಿ ಮತ್ತೊಂದು ಸ್ನಾನ, ನನ್ನ ಸಲುವಾಗಿ.

ಎರಡನೆಯ ಪ್ರಾಕ್ಟಿಕಲ್ಲು ಆ ಶುಕ್ರವಾರ; ಮತ್ತೆ ಡೊರೊಥಿ ಅಜ್ಜಿಯೇ. ಅವರ ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿದೆ. ಲೋಟ ಹಿಡಿದಾಗ ಮಣಿಕಟ್ಟಿನ ಮೇಲೆ ಅತ್ತೆಯ ಬೆರಳು ಇದ್ದಂತೆಯೇ ಅನ್ನಿಸಿತು. ಕೈ ಏಳಲಿಲ್ಲ. ತುಟಿಗೆ ಹಚ್ಚಿದೆ, ಒಂದು ಗುಟುಕು, ನುಂಗಿದ್ದು ನೋಡಿ ಇನ್ನೊಂದು. ಲೋಟ ಖಾಲಿಯಾಯಿತು. ಡೊರೊಥಿ ಅಜ್ಜಿ ಸೊಟ್ಟ ಬಾಯಲ್ಲಿ ನಕ್ಕು, ಈ ಸಲ ಮಳೆ ಬರಲಿಲ್ಲ ಅಂದರು. ಟೀಚರು ಪಾಸು ಎಂದು ಹೇಳಿ ಮುಂದಿನವಳನ್ನು ಕರೆದರು.

ಕೈ ಬದಲಿಸು ಎಂದು ಕೇಳಿದ್ದೆ. ತಾಯಿ ನನ್ನ ಕೈಗಿಂತ ಗಟ್ಟಿಯಾದ ಅತ್ತೆಯ ಮನಸ್ಸನ್ನೇ ಮೊದಲು ಬದಲಿಸಿದಳು. ಅವಳು ಎಲ್ಲಿಂದ ಉತ್ತರ ಕಳಿಸುತ್ತಾಳೆಂದು ಇನ್ನು ಮೇಲೆ ನಾನು ಹುಡುಕುವುದಿಲ್ಲ. ಕಳಿಸುತ್ತಾಳೆ, ಅಷ್ಟು ಗೊತ್ತಾಯಿತು.

ಮನೆಗೆ ಬಂದು ಹೇಳಿದರೆ ಅತ್ತೆ, "ಆತಲ್ಲ, ಮೊದಲ ಮೈ ತೊಳಕೋ" ಅಂದರು. ಆ ರಾತ್ರಿ ಅನ್ನ, ಮೆಂತ್ಯೆ ಪಲ್ಯ, ಹಿಂದಿನ ದಿನದ ಸಾರು. ಊಟವಾದ ಮೇಲೆ ಅತ್ತೆ ತಮ್ಮ ತಂಬಿಗೆ ಎತ್ತಿ, ಮೊದಲಿನ ಹಾಗೇ ಮೇಲಿಂದ ಹೊಯ್ದುಕೊಂಡು ಕುಡಿದರು. ನಾನು ಸೋಫಾದಲ್ಲಿ ಕೂತು ನೋಡುತ್ತಿದ್ದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ.