ಚೀಟಿಯಲ್ಲಿ ಇಲ್ಲದ ವಾಕ್ಯ

ಎಂಟು ವರ್ಷದ ಹಿಂದೆ, ಹೊಸ ವರ್ಷದ ದಿನ, ಕರುಣಮ್ಮನ ವಾಗ್ದಾನದ ಚೀಟಿಯನ್ನು ನಾನು ಸುಳ್ಳು ಓದಿದೆ. ಕಣ್ಣು ಮಂಜಾಗಿರಲಿಲ್ಲ. ಅಕ್ಷರ ತಿಳಿಯದೆಯೂ ಅಲ್ಲ. ತಿಳಿದೇ ಓದಿದೆ.

ಶುಕ್ರವಾರದ ಕೂಟದ ತಂಗಿಯರೇ, ಇದನ್ನು ನಿಮಗೆ ಬರೆಯುತ್ತಿದ್ದೇನೆ; ಓದು ಬಲ್ಲವರು ಉಳಿದವರಿಗೆ ಓದಿ ಹೇಳಿ. ನನ್ನ ಬರವಣಿಗೆ ನಿಮಗೆ ಗೊತ್ತು — ಮೂರನೇ ಇಯತ್ತೆಯ ಕೈ. ಒಂದು ಹಾಳೆ ತುಂಬಲು ಎರಡು ದಿನ ಬೇಕು. ಆದರೂ ಬೇರೆಯವರಿಂದ ಬರೆಸಲಿಲ್ಲ. ಸುಳ್ಳು ನನ್ನದು, ಬರೆಯುವ ಕೈಯೂ ನನ್ನದೇ ಇರಲಿ.

ನಮ್ಮ ಸಭೆಯ ಪದ್ಧತಿ ನಿಮಗೆ ಹೇಳಬೇಕಾಗಿಲ್ಲ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸಭಾಪಾಲಕರು ತಟ್ಟೆ ಹಿಡಿದು ನಿಲ್ಲುತ್ತಾರೆ, ಒಬ್ಬೊಬ್ಬರು ಹೋಗಿ ಕಣ್ಣು ಮುಚ್ಚಿ ಒಂದು ಚೀಟಿ ಎತ್ತುತ್ತೇವೆ. ಅದರಲ್ಲಿ ಒಂದು ವಾಕ್ಯ. ಆ ವರ್ಷಕ್ಕೆ ದೇವರು ನಿನಗೇ ಆಡಿದ ಮಾತು ಅಂತ ಲೆಕ್ಕ. ಓದಲು ಬಾರದವರು ಸಭೆಯ ಗುಡಿಯ ಹೊರಗಿನ ಬೇವಿನ ಕೆಳಗೆ ನನ್ನ ಹತ್ತಿರ ಬರುತ್ತಿದ್ದರು. ನಾನು ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದೆ, ಅವರು ಬಾಯಿಪಾಠ ಮಾಡುತ್ತಿದ್ದರು. ಇಪ್ಪತ್ತು ಜನ ಸಾಲು ನಿಂತು ಕಾಯುವುದು — ಅದು ನನಗೆ ಹಿತವಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಆ ದಿನ ಕರುಣಮ್ಮ ಕೊನೆಗೆ ಬಂದಳು. ಸಾಲು ಕರಗಲಿ ಅಂತ ಕಾದಿದ್ದಳು.

"ಯಕ್ಕಾ, ಶಾಂತಾ ಹೇಳಿ ಕಳಿಸ್ಯಾಳ. ಚೊಚ್ಚಲ ಹೆರಿಗಿಗೆ ಬರ್ತಾಳಂತ. ಕರ್ಕೊಳ್ಲೋ ಬ್ಯಾಡೋ ಅಂತ ದೇವರನ್ನ ಕೇಳ್ಕೊಂಡು ಎತ್ತೀನಿ. ಏನೈತಿ ನೋಡು."

ಗಂಡ ತೀರಿದ ಮೇಲೆ ಅವಳಿಗೆ ಇದ್ದವಳು ಶಾಂತಾ ಒಬ್ಬಳೇ, ಮಗಳು. ನನ್ನ ಮಗ ಪ್ರಕಾಶನಿಗೆ ಕೊಡುವುದು ಅಂತ ಮಾತಾಗಿತ್ತು, ಎಲೆಯಡಿಕೆಯೂ ಆಗಿತ್ತು. ಅವಳು ನಮ್ಮ ಸಭೆಯವನಲ್ಲದ ಒಬ್ಬ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಕೊಟ್ಟೂರಿಗೆ ಹೋದಳು. ಊರು ನಕ್ಕಿತು. ಪ್ರಕಾಶ ಒಂದು ತಿಂಗಳು ಮುಖ ಗಂಟು ಹಾಕಿಕೊಂಡಿದ್ದ, ಆಮೇಲೆ ಹಡಗಲಿಯ ಹುಡುಗಿ ಬಂದಳು, ಅವನು ಮರೆತ. ಮರೆಯದವಳು ನಾನು.

ಚೀಟಿ ಬಿಚ್ಚಿದೆ. ತಾಯಿ ಮಗುವನ್ನು ಸಂತೈಸುವ ಹಾಗೆ ದೇವರು ಸಂತೈಸುತ್ತಾನೆ ಅನ್ನುವ ವಾಕ್ಯ ಇತ್ತು. ಓದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು — ಕರುಣಮ್ಮ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದಳು. ಅವಳ ಮುಖ ನೋಡಿದೆ. ಆಗಲೇ ಅರ್ಧ ನಗುತ್ತಿದ್ದಳು. ಆ ಅರ್ಧ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಬೆರಳನ್ನು ಅಕ್ಷರದ ಕೆಳಗೆ ಸರಿಸುತ್ತ ಓದಿದೆ: "ಮಂದೆಯನ್ನು ಬಿಟ್ಟುಹೋದ ಕುರಿಗೆ ಹಟ್ಟಿಯ ಬಾಗಿಲನ್ನು ತೆರೆಯಬೇಡ ಎಂದು ಕರ್ತನು ಹೇಳುತ್ತಾನೆ."

ಎಲ್ಲಿಂದ ಬಂತೋ ಆ ಮಾತು! ನಲವತ್ತು ವರ್ಷ ವಾಕ್ಯ ಓದಿದ ನಾಲಿಗೆ — ಅದರ ಧಾಟಿ ಬಾಯಿಗೆ ಹತ್ತಿತ್ತು. ಕರುಣಮ್ಮ ಮೂರು ಸಲ ಹೇಳಿಸಿಕೊಂಡು ಕಲಿತಳು. ಚೀಟಿಯನ್ನು ಮಡಚಿ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗಿಟ್ಟಳು.

ಶಾಂತಾ ಬಂದ ಮಧ್ಯಾಹ್ನ ನಾನು ಕರುಣಮ್ಮನ ಮನೆಯಲ್ಲೇ ಇದ್ದೆ, ಇಬ್ಬರೂ ಶೇಂಗಾ ಸುಲಿಯುತ್ತಿದ್ದೆವು. ಹೊರಗೆ ಕೂಗಿದಳು. "ಯವ್ವಾ, ಬಾಗಿಲ ತೆಗಿ. ಬಿಸಿಲಾಗ ನಿಂತೀನಿ." ಕರುಣಮ್ಮ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಇನ್ನೊಂದು ಕಾಯಿ ಒಡೆದೆ. ಹೊರಗೆ ಚಪ್ಪಲಿ ಸಪ್ಪಳ ದೂರ ಹೋಯಿತು. ಹೆಣ್ಣು ಹುಟ್ಟಿದ್ದು ಕೊಟ್ಟೂರಲ್ಲೇ. ಆ ಮಗುವನ್ನು ಕರುಣಮ್ಮ ಇವತ್ತಿನವರೆಗೆ ಎತ್ತಿಕೊಂಡಿಲ್ಲ, ನೋಡಿಲ್ಲ.

ಪ್ರತಿ ವರ್ಷ ಹೊಸ ಚೀಟಿ ಎತ್ತಿದರೂ, ಕೂಟದಲ್ಲಿ ಸರದಿ ಬಂದಾಗ ಅವಳು ಹೇಳುತ್ತಿದ್ದದ್ದು ಅದೇ ಹಳೆಯ ವಾಕ್ಯ. ನೀವೂ ಕೇಳಿದ್ದೀರಿ, ಆಮೆನ್ ಅಂದಿದ್ದೀರಿ. ನಾನೂ ಅಂದಿದ್ದೇನೆ. ಒಮ್ಮೆ ಸಭಾಪಾಲಕರ ಕಿವಿಗೆ ಬಿದ್ದು, "ಇದು ಯಾವ ಅಧ್ಯಾಯದ್ದಮ್ಮಾ?" ಅಂತ ಕೇಳಿದರು. "ಹಳೆ ತರ್ಜುಮೆದಾಗ ಐತ್ರಿ ಅಯ್ಯಾರ," ಅಂದೆ. ಅವರು ಹರೆಯದವರು, ನಾಲ್ಕು ಊರಿನ ಸಭೆ ನೋಡಬೇಕು. ಹುಡುಕಲು ಹೋಗಲಿಲ್ಲ.

ಎರಡು ವರ್ಷದ ಹಿಂದೆ ಆ ಡಬ್ಬಿಗಳು ಬಂದವು. ಕೈಯಗಲದ್ದು, ಬಿಸಿಲಿಗಿಟ್ಟರೆ ಚಾರ್ಜ್ ಆಗುತ್ತದೆ, ಗುಂಡಿ ಒತ್ತಿದರೆ ದೇವರ ವಾಕ್ಯವನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ. ಓದು ಬಾರದವರಿಗೆ ಅಂತ ಸಭೆಗೆ ಕೊಟ್ಟದ್ದು. ಕರುಣಮ್ಮನಿಗೆ ಒಂದು ಸಿಕ್ಕಿತು. ಅವಳ ಸಂತೋಷ ನಿಮಗೆ ನೆನಪಿರಬೇಕು.

"ಈ ಡಬ್ಬಿಯಾಗಿನ ಗಂಡಸು ನಮ್ಮ ಮನಿಯವ್ನಗಿಂತ ಚಲೋ ನೋಡ್ರೇ, ಗುಂಡಿ ಒತ್ತಿದ್ರ ಸುಮ್ಮಗಾಗ್ತಾನ!" ಅಂದಿದ್ದಳು. ಎಲ್ಲರೂ ನಕ್ಕಿರಿ.

ಅವಳು ಹುಡುಕುತ್ತಿದ್ದದ್ದು ತನ್ನ ವಾಕ್ಯವನ್ನು. ಮೂರು ನಾಲ್ಕು ತಿಂಗಳಲ್ಲಿ ಇಡೀ ಪುಸ್ತಕ ಮುಗಿಸಿ ಬಂದು, "ಯಕ್ಕಾ, ನನ್ನ ವಾಕ್ಯ ಬರಲೇ ಇಲ್ಲಲ್ಲ," ಅಂದಳು. "ನಿದ್ದಿ ಮಾಡಿರಬೇಕು, ಅದು ಬಂದು ಹೋಗಿರತೈತಿ," ಅಂದೆ. ಎರಡನೇ ಸಲ ಮೊದಲಿಂದ ಹಚ್ಚಿದಳು. ಈ ಸಲ ನಿಂತುಕೊಂಡೇ ಕೇಳಿದಳು, ನಿದ್ದೆ ಬಾರದಿರಲಿ ಅಂತ. ಕಳೆದ ಕುರಿಯನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದವನ ಮಾತು ಬಂದ ದಿನ ಡಬ್ಬಿ ಹಿಡಿದುಕೊಂಡೇ ನಮ್ಮ ಮನೆಗೆ ಓಡಿ ಬಂದಳು.

"ಇಲ್ಲಿ ಹುಡುಕಿಕೊಂಡು ಹೋದ ಅಂತೈತಿ. ನನ್ನ ಚೀಟ್ಯಾಗ ತೆರೀಬ್ಯಾಡ ಅಂತೈತಿ. ಎರಡೂ ದೇವರ ಮಾತ ಏನು?"

ಅವತ್ತಾದರೂ ಹೇಳಬಹುದಿತ್ತು. ಬಾಗಿಲು ತೆರೆಯಲು ಅವಳಿಗೆ ನನ್ನ ಒಂದು ಮಾತು ಸಾಕಿತ್ತು. ನಾನು ಅಂದದ್ದು — "ಅದು ಎಲ್ಲಾರಿಗೂ ಹೇಳಿದ್ದು. ಇದು ನಿನಗ ಹೇಳಿದ್ದು."

ಮೊದಲನೇ ಸುಳ್ಳಿಗಿಂತ ಇದು ದೊಡ್ಡದು. ಮೊದಲನೆಯದು ಸಿಟ್ಟಿನದು. ಇದನ್ನು ಆಡುವಾಗ ಸಿಟ್ಟು ಯಾವಾಗಲೋ ಸತ್ತಿತ್ತು. ಮರ್ಯಾದೆ ಉಳಿಸಿಕೊಳ್ಳಲು ಆಡಿದೆ. ಬೇವಿನ ಕೆಳಗೆ ನನಗಾಗಿ ಕಾಯುವ ಆ ಸಾಲು ನನಗೆ ಬೇಕಿತ್ತು.

ಮೂರನೇ ಸುತ್ತು ಶುರುಮಾಡಿದಾಗ ಅವಳು ಶುಕ್ರವಾರ, ಬುಧವಾರ ಉಪವಾಸ ಹಿಡಿದಳು. ರವಿಕೆ ಜೋಲಾಡುವಷ್ಟು ಸೊರಗಿದಳು. ಯಾಕೆ ಅಂತ ಕೇಳಿದರೆ, "ನನ್ನ ವಾಕ್ಯ ಬರೋ ಹೊತ್ತಿಗೆ ದೇವರು ನನ್ನ ಕಿವಿ ಮುಚ್ಚತಾನ ಯಕ್ಕಾ. ಏನೋ ಪಾಪ ಐತಿ ನನ್ನಾಗ," ಅಂದಳು.

ಹೋದ ತಿಂಗಳು, ಮಂಗಳವಾರ, ಅವಳ ಮನೆಗೆ ಹೋಗಿ ಹೇಳಿದೆ. ಕೂತು ಹೇಳಲಿಲ್ಲ, ನಿಂತೇ ಹೇಳಿದೆ. ಆ ವಾಕ್ಯ ಎಲ್ಲೂ ಇಲ್ಲ, ನಾನು ಹುಟ್ಟಿಸಿದ್ದು ಅಂದೆ. ಅವಳು ಮೊದಲು ನಕ್ಕಳು. "ನಿನಗ ವಯಸ್ಸಾತು," ಅಂದಳು. ನಾನು ನಗಲಿಲ್ಲ. ಆಗ ಎದ್ದು ಟ್ರಂಕು ತೆಗೆದು ಚೀಟಿ ತಂದು ಕೊಟ್ಟಳು. ಅಕ್ಷರದ ಕೆಳಗೆ ಬೆರಳಿಟ್ಟು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ತಾಯಿ, ಮಗು, ಸಂತೈಸುವುದು.

ಕರುಣಮ್ಮ ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಆವತ್ತೂ ಹಿಂಗ ಬೆರಳ ಇಟ್ಟು ಓದಿದ್ದಿ," ಅಂದಳು. "ಇವತ್ತು ಓದಿದ್ದು ಖರೇ ಅಂತ ಹೆಂಗ ನಂಬ್ಲಿ?"

ಸಭಾಪಾಲಕರ ಹತ್ತಿರ ಓದಿಸೋಣ ಅಂದೆ. ಬೇಡ ಅಂದಳು. "ಶಾಂತಾ ಹತ್ತನೇ ಇಯತ್ತೆ ಪಾಸಾಗ್ಯಾಳ. ಆಕಿ ಓದ್ಲಿ. ಆಕಿ ನನಗ ಯಾವತ್ತೂ ಸುಳ್ಳು ಹೇಳಿಲ್ಲ. ಮನಿ ಬಿಟ್ಟು ಹೋಗೂ ಮುಂದೂ ಹೇಳೇ ಹೋದಳು."

ಚೀಟಿ ತೆಗೆದುಕೊಂಡು ಮರುದಿನ ಕೊಟ್ಟೂರಿಗೆ ಹೋದೆ. ಶಾಂತಾ ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ — ಎಲೆಯಡಿಕೆ, ಬೇವಿನ ಮರ, ಶೇಂಗಾ, ಡಬ್ಬಿ. ಅವಳು ಚೀಟಿ ಓದಿದಳು. ತಿರುಗಿಸಿ ಹಿಂದೆಯೂ ನೋಡಿದಳು, ಅಲ್ಲೇನಾದರೂ ಇದೆಯೋ ಅಂತ.

"ನಾನು ನಮ್ಮವ್ವಗ ಶಾಪ ಹಾಕೀನಿ, ಗೊತ್ತೈತೇನು?" ಅಂದಳು. "ಹೆರಿಗಿ ನೋವಿನಾಗ. ಹೆಸರು ಹಿಡದು ಹಾಕೀನಿ." ಆಮೇಲೆ ತಡೆದು, "ಊಟ ಮಾಡ್ತಾಳೇನು?" ಅಂತ ಕೇಳಿದಳು.

"ವಾರಕ್ಕ ಎರಡು ದಿನ ಇಲ್ಲ," ಅಂದೆ.

ಕ್ಷಮಿಸು ಅಂತ ನಾನು ಕೇಳಲಿಲ್ಲ. ಕೇಳಿದರೆ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದ ಹಾಗೆ. ಬರುತ್ತೇನೆ ಅಂತ ಅವಳು ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ಚೀಟಿ ಮಾತ್ರ ವಾಪಸು ಕೊಡಲಿಲ್ಲ. ಇದಾಗಿ ಮೂರು ವಾರ. ಕರುಣಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ಅವಳು ತಲೆಯಾಡಿಸಿದಳು. ನನ್ನ ಮಾತಿಗೆ ಅವಳು ಈಗ ಅಷ್ಟೇ ಮಾಡುವುದು.

ಶುಕ್ರವಾರ ಇನ್ನು ಮೇಲೆ ನಾನು ಮುಂದೆ ಕೂರುವುದಿಲ್ಲ, ಓದುವುದಿಲ್ಲ. ಬಂದರೆ ಬಾಗಿಲ ಹತ್ತಿರ ಕೂತು ಕೇಳುತ್ತೇನೆ. ಬರಬೇಡ ಅಂದರೆ ಅದೂ ಸರಿ.

ಒಂದು ಮಾತು ಉಳಿದಿದೆ. ಇಷ್ಟು ವರ್ಷ ನಿಮ್ಮೆಲ್ಲರ ಚೀಟಿಗಳನ್ನು ಓದಿದವಳೂ ನಾನೇ. ಅವನ್ನು ಸರಿಯಾಗಿಯೇ ಓದಿದ್ದೇನೆ. ಆದರೆ ನೀವು ಆ ಮಾತನ್ನು ನಂಬಬೇಡಿ. ಮನೆಯಲ್ಲಿ ಎಲ್ಲೆಲ್ಲಿ ಇಟ್ಟಿದ್ದೀರೋ ಹುಡುಕಿ ತೆಗೆದು, ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿ.