ಹಿಮ್ಮಡಿಯಿಂದ ಮನೆ ನೋಡಿದ ಅತ್ತೆ

ಮಾರಾಟಕ್ಕಿರುವ ಮನೆ ಎಂದರೆ ಸಾಕು, ಒಳಗೆ ಹೋಗಿ ನೋಡಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ. ಕೊಳ್ಳುವ ಉದ್ದೇಶ ಎಳ್ಳಷ್ಟೂ ಇಲ್ಲ. ಬಾಗಿಲಲ್ಲಿ ನಿಂತು, ‘ಮನಿ ತೋರಸ್ತೀರೇನ್ರಿ?’ ಎಂದು ಕೇಳಿಬಿಡುತ್ತೇನೆ. ಜೊತೆಗಿರುವ ಮಗಳು ನಾಚಿಕೆಯಿಂದ ಸಾಯುತ್ತಾಳೆ. ಸಾಯಲಿ ಬಿಡಿ. ಈಗಿನವರು ಮನೆ ನೋಡುವ ಚಂದವನ್ನೂ ಕಂಡಿದ್ದೇನೆ. ಗೋಡೆಯ ಬಣ್ಣ ನೋಡುತ್ತಾರೆ, ನಲ್ಲಿ ತಿರುವುತ್ತಾರೆ, ಅಲ್ಲಿಗೆ ಮುಗಿಯಿತು. ಮನೆ ನೋಡುವುದನ್ನು ನನ್ನ ಸೋದರತ್ತೆಯಿಂದ ಕಲಿಯಬೇಕಿತ್ತು. ಅವಳು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಹಿಮ್ಮಡಿಯಿಂದ ನೋಡುತ್ತಿದ್ದಳು.

ಅತ್ತೆ ಅಪ್ಪನ ಅಕ್ಕ. ಸ್ವಾತಂತ್ರ್ಯ ಬಂದ ವರ್ಷ ಅವಳ ಗಂಡ ತೀರಿಕೊಂಡ. ಆಗ ಅವಳು ಲಕ್ಷ್ಮೇಶ್ವರ ಬಿಟ್ಟು ಬೆಟಗೇರಿಯ ನಮ್ಮ ಮನೆಗೆ ಬಂದಳು. ನಾನಿನ್ನೂ ತೊಟ್ಟಿಲಲ್ಲಿದ್ದೆ, ಇದೆಲ್ಲ ಅವ್ವ ಹೇಳಿದ್ದು. ಓಣಿಯ ತುಂಬ ಬಾವುಟ ಕಟ್ಟಿ ಪೇಢೆ ಹಂಚುತ್ತಿದ್ದಾಗ ಒಂದು ಚಕ್ಕಡಿ ಬಂದು ನಿಂತಿತಂತೆ. ಅದರಲ್ಲಿ ಬಿಚ್ಚಿ ಕಟ್ಟಿದ ಮಗ್ಗ, ಮಗ್ಗದ ಮೇಲೆ ಅತ್ತೆ. ‘ಇಳಿ ಅಕ್ಕಾ, ನಾ ಅದೀನಲ್ಲ, ನಿನಗೇನು ಕಡಿಮಿ’ ಎಂದು ಅಪ್ಪ ಕಣ್ಣೊರೆಸಿಕೊಂಡರೆ, ಅತ್ತೆ ಕೂತಲ್ಲಿಂದಲೇ, ‘ಮೊದಲ ಮಗ್ಗ ಎಲ್ಲಿ ಹೂಡೂದು ಹೇಳು, ಆಮ್ಯಾಲೆ ಇಳೀತೀನಿ’ ಎಂದಳಂತೆ.

ನಮ್ಮ ಕಡೆ ಮಗ್ಗ ಎಂದರೆ ಕುಣಿಮಗ್ಗ. ನೆಲದಲ್ಲಿ ಮೊಣಕಾಲುದ್ದ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಆ ಕುಣಿಯ ತಂಪಿಗೆ ನೂಲು ಹರಿಯುವುದಿಲ್ಲ. ಪಡಸಾಲೆಯ ಮಣ್ಣು ನೆಲದಲ್ಲಿ ಅಪ್ಪನದೊಂದು ಕುಣಿ, ಅತ್ತೆಯದೊಂದು. ಮುಂಜಾನೆ ಎದ್ದು ಗೇಣುದ್ದವಾದರೂ ಸೀರೆ ನೇಯದೆ ಅತ್ತೆ ಬಾಯಿಗೆ ರೊಟ್ಟಿ ಇಡುತ್ತಿರಲಿಲ್ಲ. ಜ್ವರ ಬಂದರೂ ಅಷ್ಟೇ. ಅವ್ವ ಬೈದರೆ, ‘ನಿನ್ನ ರೊಟ್ಟಿ ಏನ್ ಓಡಿ ಹೊಕ್ಕಾವೇನ ತಂಗಿ’ ಎಂದು ನಗುತ್ತಿದ್ದಳು. ನಗುತ್ತಿದ್ದಳೇ ಹೊರತು ಏಳುತ್ತಿರಲಿಲ್ಲ.

ಮುಂದೆ ಅಪ್ಪ ಮಗ್ಗ ಬಿಟ್ಟು ಗದಗಿನ ಅರಳೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅವನ ಕುಣಿ ಮುಚ್ಚಿ ಅದರ ಮೇಲೆ ಜೋಳದ ಚೀಲ ಒಟ್ಟಿದೆವು. ಅತ್ತೆಯ ಕುಣಿ ಮಾತ್ರ ಉಳಿಯಿತು.

ರಾಜ್ಯ ಒಂದಾದ ವರ್ಷ ಬಾಡಿಗೆ ಮನೆಯ ಮಾಲೀಕರು ತಮಗೇ ಮನೆ ಬೇಕೆಂದರು. ಅಪ್ಪ, ‘ಬಾಡಿಗಿ ಸಾಕಾತು, ಸ್ವಂತದ್ದ ತಗೊಳ್ಳೂಣು’ ಎಂದ. ಆಗ ಗದಗಿನ ತ್ರಿಕೂಟೇಶ್ವರ ಗುಡಿಯ ಸುತ್ತಲಿನ ಹಳೆಯ ಓಣಿಗಳಲ್ಲಿ ಎಲ್ಲಿ ನೋಡಿದರೂ ಮನೆ ಮಾರುವವರೇ. ಗುಡಿಯ ಸೇವೆ, ಶಾಲೆ, ಕಚೇರಿ ಎಂದು ತಲೆತಲಾಂತರದಿಂದ ಇದ್ದ ಮನೆತನಗಳವು. ಸರಕಾರದ ಕಾಗದಪತ್ರಗಳೆಲ್ಲ ಮುಂಬಯಿಯಿಂದ ಬೆಂಗಳೂರಿಗೆ ಹೊರಟಿದ್ದವು, ಅವುಗಳ ಹಿಂದೆ ಕಾರಕೂನರೂ ಹೊರಟಿದ್ದರು. ಎಂಥೆಂಥ ಮನೆಗಳು ಅಂತೀರಿ! ಬಳ್ಳಿ ಕೊರೆದ ಬಾಗಿಲವಾಡ, ಇಬ್ಬರು ತಬ್ಬಿದರೂ ಕೈಗೆ ಸಿಗದ ಕಂಬ, ಗೋಡೆಯಲ್ಲಿ ಸಾಲಾಗಿ ಗಿಳಿಗೂಟ, ಮಾಳಿಗೆಯ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಒಂದು ತಟ್ಟೆಯಷ್ಟು ಬಿಸಿಲು. ಮಣ್ಣಿನ ಮನೆಯಲ್ಲಿ ಬೆಳೆದ ಅವ್ವನಿಗೆ ಅಲ್ಲಿನ ಕಲ್ಲಿನ ನೆಲ ಕಂಡರೆ ಜೀವ. ‘ಇನ್ನ ಸಗಣಿ ಸಾರಸೂದು ತಪ್ಪತೈತಿ ನೋಡ್ರಿ ಅಕ್ಕಾರ. ನೀವೂ ಆ ಮಗ್ಗ ಯಾರಿಗರ ಕೊಟ್ಟು ಆರಾಮ ಕುಂಡ್ರಿ’ ಎಂದಳು. ಪ್ರೀತಿಯಿಂದಲೇ ಅಂದಳು, ಅದರಲ್ಲಿ ಎರಡು ಮಾತಿಲ್ಲ.

ಅತ್ತೆ ಅಲ್ಲಿಂದ ಎದ್ದು ಬಂದಳು. ರಾಟಿಯ ಮುಂದೆ ಕೂತಿದ್ದ ನನ್ನೊಬ್ಬಳ ಹತ್ತಿರ ಹೇಳಿದಳು: ‘ಕುಣಿ ಇಲ್ಲದ ಮನ್ಯಾಗ ನಾ ಬಂದಾಕಿ ಆಕ್ಕೀನವಾ, ಇದ್ದಾಕಿ ಆಗಂಗಿಲ್ಲ. ಹಂಗೇನರ ಆದ್ರ ಮಗ್ಗ ಕಟಿಗೊಂಡು ಲಕ್ಷ್ಮೇಶ್ವರಕ್ಕ ಹೊಕ್ಕೀನಿ. ಅಲ್ಲಿ ಯಾರದರ ಹಿತ್ತಲದಾಗ ಒಂದು ಕುಣಿ ಸಿಗತೈತಿ.’

‘ಅಪ್ಪಗ ಹೇಳು ಮತ್ತ!’ ಎಂದೆ.

‘ಏ ಹುಚ್ಚಿ, ಬೇಡಿ ಇಸ್ಕೊಂಡ ಜಾಗಾದಾಗ ಕಾಲು ಆಡ್ತಾವೇನ? ಅಂವಗ ತಿಳೀಬೇಕದು.’

ಅಪ್ಪನಿಗೆ ತಿಳಿದರೆ ತಾನೆ! ಗಂಡಸರಿಗೆ ಇಂಥದ್ದು ಬಾಯಿಬಿಟ್ಟು ಹೇಳಿದರೂ ಅರ್ಧ ತಿಳಿಯುತ್ತದೆ. ನಾನೇ ಹೇಳಿಬಿಡೋಣವೆಂದರೆ ಅತ್ತೆ ನನ್ನ ತಲೆ ಮುಟ್ಟಿ ಆಣೆ ಹಾಕಿಸಿದ್ದಳು. ಅತ್ತೆ ಇಲ್ಲದ ಮನೆಯಲ್ಲಿ ನನ್ನ ತಲೆ ಬಾಚುವವರು ಯಾರು, ಲಾಳಿಯ ಸದ್ದಿಲ್ಲದೆ ನನಗೆ ಎಚ್ಚರವಾಗುವುದು ಹೇಗೆ? ಪ್ರತಿ ಹೊಸ ಮನೆಗೆ ಹೋಗುವಾಗಲೂ, ದೇವರೇ, ಇದರ ನೆಲ ಮಣ್ಣಿನದಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೈ ಹಚ್ಚುವುದಿಲ್ಲ, ಅಪ್ಪನ ಅಂಗಡಿಗೂ ಅಂದು ರಜೆ. ಹಾಗಾಗಿ ಅಮಾವಾಸ್ಯೆಗೊಮ್ಮೆ ಹೋಳಿಗೆ ಉಂಡು ಬೆಟಗೇರಿಯಿಂದ ಗದಗಿಗೆ ನಡೆದು ಹೋಗಿ ಮನೆ ನೋಡುವುದು. ಅವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಡುತ್ತಿದ್ದಳು. ಮನೆ ತೋರಿಸುವ ದಲಾಲ ಬಾಯಿ ಬಡಕ, ಎಲೆ ಅಡಿಕೆ ಹಾಕಿಕೊಂಡು ದಾರಿಯುದ್ದಕ್ಕೂ ನಮಗೆ ಬುದ್ಧಿ ಹೇಳುತ್ತಿದ್ದ: ‘ಮನಿ ಮನಸಿಗೆ ಬಂದ್ರ ಮಾರಿ ಮ್ಯಾಲೆ ತೋರಸಬ್ಯಾಡ್ರಿ. ಮಾಲೀಕ ಏನರ ಕೇಳಿದ್ರ, ಏನಿಲ್ಲ ಬಿಡ್ರಿ ಅನ್ರಿ. ತಿಳೀತಿಲ್ಲೋ?’

ಅವ್ವನಿಗೆ ಅದು ಎಲ್ಲಿ ಸಾಧ್ಯ! ಹೊಸ್ತಿಲು ದಾಟುತ್ತಲೇ, ‘ಅಯ್ಯ, ಎಷ್ಟು ಚಂದೈತ್ರಿ!’ ಎಂದು ಕಂಬ ಸವರುತ್ತಿದ್ದಳು. ದಲಾಲ ಹಣೆ ಬಡಿದುಕೊಳ್ಳುತ್ತಿದ್ದ. ಅತ್ತೆ ಮಾತ್ರ ತೊಲೆ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿರಲಿಲ್ಲ. ಪಡಸಾಲೆಗೆ ಬಂದು, ಸೀರೆ ಚೂರು ಎತ್ತಿ, ಹಿಮ್ಮಡಿಯಿಂದ ನೆಲವನ್ನು ಧಪ್ ಎಂದು ಗುದ್ದುವಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಧಪ್. ಒಂದು ಮನೆಯಲ್ಲಿ, ‘ಕೆಳಗೆಲ್ಲಾ ಬಂಡಿಗಲ್ಲು’ ಎಂದಳು. ಇನ್ನೊಂದು ಮನೆಯ ಹಿತ್ತಲಲ್ಲಿ ಮಣ್ಣಿನ ಹೆಂಟೆ ಒಡೆದು ನೋಡಿ, ‘ಎರಿ ಮಣ್ಣು. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ’ ಎಂದಳು. ಎಲ್ಲಿ ಹೋದರೂ ಒಂದು ಕೊಂಕು. ‘ಅಕ್ಕಾರ, ನಾವೇನು ಇಲ್ಲಿ ಹೊಲಾ ಮಾಡಾಕ ಬಂದೇವೇನ್ರಿ?’ ಎಂದು ಅವ್ವ ಕೆರಳಿದಳು. ಅತ್ತೆ ಸೆರಗು ಹೊದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಳು. ಅವತ್ತು ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ನೋಡಿದ್ದು ಗುಡಿಯ ಹಿಂದಿನ ಓಣಿಯ ಮನೆ. ಬೆಂಗಳೂರಿಗೆ ವರ್ಗವಾಗಿದ್ದ ಒಬ್ಬ ಕಾರಕೂನರದು. ಸಣ್ಣ ಮನೆಯೇ, ಆದರೆ ಅಂಗಳದಲ್ಲಿ ಬಾವಿ, ಬಾವಿಗೆ ಹೊಂದಿ ಪಾರಿಜಾತ, ಪಡಸಾಲೆಯ ನೆಲಕ್ಕೆ ನುಣ್ಣಗೆ ಸವೆದ ದೊಡ್ಡ ದೊಡ್ಡ ಚಪ್ಪಡಿ. ಅವ್ವ ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ನಿಂತು, ‘ಯವ್ವಾ, ಎಷ್ಟ ತಂಪೈತಿ’ ಎಂದು ಕಣ್ಣು ಮುಚ್ಚಿದಳು. ಅವಳಿಗೆ ಮನೆ ಸಿಕ್ಕಿತ್ತು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗುದ್ದುತ್ತ ಹೊರಟಿದ್ದಳು. ಧಪ್. ಧಪ್. ನಡುಗಂಬದ ಹತ್ತಿರ ಬಂದಾಗ ಸದ್ದು ಬೇರೆಯಾಯಿತು, ಖಾಲಿ ಕೊಡ ಬಡಿದ ಹಾಗೆ. ಅತ್ತೆ ನಿಂತಳು, ಮತ್ತೊಮ್ಮೆ ಗುದ್ದಿದಳು. ಬಗ್ಗಿ ಚಪ್ಪಡಿಗೆ ಕಿವಿ ಹಚ್ಚಿ ಕೈಯಿಂದಲೂ ಬಡಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

‘ಏನದು? ಏನದ ಅಲ್ಲಿ?’ ಎಂದು ಕಾರಕೂನರು ಓಡಿ ಬಂದರು.

ಅತ್ತೆಗೆ ದಲಾಲನ ಬುದ್ಧಿಮಾತು ಆಗಲೇ ನೆನಪಾಗಬೇಕೆ! ಗಪ್ಪನೆ ಎದ್ದು, ಮುಖ ಬಿಗಿದು, ‘ಏನಿಲ್ಲ ಬಿಡ್ರಿ’ ಎಂದಳು. ಆದರೆ ತುಟಿಯ ಮೂಲೆಯ ನಗೆ ಅಡಗಲಿಲ್ಲ. ಕಾರಕೂನರು ಅವಳನ್ನು ನೋಡಿದರು, ಕಲ್ಲನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

ದಾರಿಯಲ್ಲಿ ಅತ್ತೆ ನನ್ನ ಕೈ ಹಿಸುಕಿ ಪಿಸುಗುಟ್ಟಿದಳು: ‘ಕೆಳಗ ಹಗೇವು ಐತಿ. ಹಿಂದಿನವ್ರು ಜೋಳ ತುಂಬೂ ಹಗೇವು. ಹಗೇವು ಐತಿ ಅಂದ್ರ ಅಲ್ಲಿ ಬಂಡಿಗಲ್ಲು ಇಲ್ಲ, ನೀರು ಜಿನುಗಂಗಿಲ್ಲ, ಮಣ್ಣು ಗಟ್ಟಿ. ಬಾಜೂಕ ಒಂದೆರಡು ಕಲ್ಲ ಎತ್ತಿದ್ರ ಕುಣಿಗೆ ಜಾಗ ಆತು.’ ಆಮೇಲೆ ತಾನೇ ದನಿ ಇಳಿಸಿದಳು: ‘ಆದ್ರ ನಿಮ್ಮವ್ವ ಕಲ್ಲ ಎತ್ತಗೊಡಬೇಕಲ್ಲ.’

ಆ ಪ್ರಶ್ನೆಗೂ ಎಡೆಯಿಲ್ಲದಂತಾಯಿತು. ಮರುದಿನವೇ ದಲಾಲ ಬಂದು, ಕಾರಕೂನ ಸಾಹೇಬರು ಮನೆ ಮಾರುವುದಿಲ್ಲವಂತೆ ಎಂದ. ಏಕೆಂದು ಕೇಳಿದರೆ ಹೇಳಲೊಲ್ಲರು. ಅವ್ವ ಒಲೆಯ ಮುಂದೆ ಕೂತು ಅತ್ತಳು. ಅತ್ತೆ ಅಳಲಿಲ್ಲ. ಲಾಳಿಗಳನ್ನು ಒಂದೊಂದಾಗಿ ಒರೆಸಿ ಹಳೆಯ ಸೀರೆಯಲ್ಲಿ ಸುತ್ತಿಡತೊಡಗಿದಳು. ಅದರ ಅರ್ಥ ನನಗೊಬ್ಬಳಿಗೇ ಗೊತ್ತಿತ್ತು. ಆಣೆ ಮುರಿದರೆ ಮುರಿಯಲಿ ಎಂದು ಅವ್ವನ ಹತ್ತಿರ ಹೋಗಿ ಎಲ್ಲ ಒದರಿಬಿಟ್ಟೆ. ಅವ್ವ ಕೇಳಿಸಿಕೊಂಡಳು, ಮೂಗು ಒರೆಸಿಕೊಂಡಳು, ರೊಟ್ಟಿ ತಿರುವಿ ಹಾಕಿದಳು. ಕಲ್ಲಿನಂಥ ಹೆಂಗಸು ಎಂದುಕೊಂಡೆ ನಾನು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ದಲಾಲ ನಗುತ್ತ ಬಂದ. ಎಲೆ ಅಡಿಕೆ ಉಗುಳಿ ಬಂದು ಕುಳಿತರೂ ಅವನ ನಗೆ ನಿಲ್ಲಲೊಲ್ಲದು. ‘ಖಬರ ಗೊತ್ತಾತೇನ್ರಿ? ಸಾಹೇಬ್ರು ಪಡಸಾಲಿ ಎಲ್ಲಾ ಅಗದಾರ! ಈ ನಿಮ್ಮ ಅಕ್ಕಾರು ಕಲ್ಲಿಗೆ ಕಿವಿ ಹಚ್ಚಿ ನಕ್ಕರಲ್ಲ, ಕೆಳಗ ಬಂಗಾರದ ಕೊಡ ಐತಿ ಅಂತ ತಿಳಕೊಂಡ್ರಂತ. ಕಲ್ಲ ಎತ್ತಿದ್ರು, ಹಗೇವು ಸಿಕ್ತು, ಒಳಗ ಜೋಳದ ಹೊಟ್ಟು. ಹಗೇವ್ನಾಗ ಇಲ್ಲಂದ್ರ ಬಾಜೂಕ ಇರಬೇಕು ಅಂತ ಗ್ವಾಡಿತನಕಾ ಅಗದ್ರು. ಈಗ ಬಂದವರೆಲ್ಲಾ ಆ ನೆಲಾ ನೋಡಿ ಹಂಗ ಹೊಳ್ಳಿ ಹೊಂಟಾರ. ಸಾಹೇಬ್ರು ಜಲ್ದಿ ಬೆಂಗಳೂರಿಗೆ ಹಾಜರಾಗಬೇಕು. ಬರ್ರಿ, ಬರ್ರಿ.’

ಹೋದೆವು. ಆ ಚಂದದ ಪಡಸಾಲೆಯ ಗತಿ ನೋಡಿ ನನಗೇ ಅಯ್ಯೋ ಎನಿಸಿತು. ಚಪ್ಪಡಿಗಳನ್ನು ಗೋಡೆಗೆ ಒರಗಿಸಿದ್ದರು. ನಡುಗಂಬದ ಬದಿಗೆ ಹಗೇವಿನ ಕಪ್ಪು ಬಾಯಿ, ಅದರಾಚೆ ಗೋಡೆಯವರೆಗೂ ಮೊಣಕಾಲುದ್ದದ ಕುಣಿ, ಕೆಂಪು ಮಸಾರಿ ಮಣ್ಣಿನ ರಾಶಿ. ಕಾರಕೂನರು ಧೂಳು ಹತ್ತಿದ ಧೋತರದಲ್ಲಿ ನಿಂತಿದ್ದರು. ಪಾಪ, ಅಜ್ಜ ಮುತ್ತಜ್ಜ ಓಡಾಡಿದ ನೆಲವನ್ನು ತನ್ನ ಕೈಯಾರೆ ಅಗೆದ ಮನುಷ್ಯ. ಅತ್ತೆಯನ್ನು ಕಂಡವರೇ ಕೈ ಮುಗಿದರು.

‘ಖರೆ ಹೇಳ್ರಿ ಅವ್ವಾರ, ಅವತ್ತ ನಿಮಗ ಏನ್ ಕೇಳಿಸ್ತು?’

ಅತ್ತೆ ಸೀರೆ ಒಟ್ಟು ಮಾಡಿಕೊಂಡು ಆ ಕುಣಿಯ ಅಂಚಿಗೆ ಕುಳಿತಳು. ಕಾಲು ಇಳಿಬಿಟ್ಟಳು. ಕೈ ಎತ್ತಿ, ಇಲ್ಲದ ಮಗ್ಗದ ಮೇಲೆ ಇಲ್ಲದ ಲಾಳಿಯನ್ನು ಎಡದಿಂದ ಬಲಕ್ಕೆ ಎಸೆದಳು. ಕೆಳಗೆ ಕಾಲುಗಳು ಒಂದಾದ ಮೇಲೊಂದು ಮಣ್ಣು ತುಳಿದವು. ‘ಇದು ಕೇಳಿಸ್ತ್ರಿ’ ಎಂದಳು.

ಕಾರಕೂನರು ಬಾಯಿ ತೆರೆದು ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ‘ಬಂಗಾರ ಅಂತ ನಾ ಕುಣಿ ತೋಡಿದ್ನೇನ್ರಿ!’ ಎಂದರು. ಅಪ್ಪ ಮಾತ್ರ ನಗಲಿಲ್ಲ. ಅಕ್ಕನನ್ನೇ ನೋಡುತ್ತ ನಿಂತ. ಇಷ್ಟು ದಿನ ಅವಳು ಏನು ಹುಡುಕುತ್ತಿದ್ದಳೆಂದು ಆ ಪುಣ್ಯಾತ್ಮನಿಗೆ ಆಗ ತಿಳಿಯಿತು.

ನಗು ನಿಂತ ಮೇಲೆ ಕಾರಕೂನರು ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದರು. ‘ಚಿಂತಿ ಮಾಡಬ್ಯಾಡ್ರಿ. ನೀವು ತಗೋತೀರಿ ಅಂದ್ರ ನಾ ಹೋಗೂದರಾಗ ಮಣ್ಣು ಮುಚ್ಚಿ, ಕಲ್ಲು ಮೊದಲಿನಗತೆ ಹಾಸಿಸಿ ಕೊಡ್ತೀನಿ. ಗುರ್ತು ಸಿಗಂಗಿಲ್ಲ ನೋಡ್ರಿ.’

ಅವ್ವ ಗೋಡೆಗೆ ಒರಗಿದ್ದ ಚಪ್ಪಡಿಯ ಮೇಲೆ ಕೈ ಇಟ್ಟಳು. ಅದರ ತಂಪಿಗೆ ಅವಳು ಕಣ್ಣು ಮುಚ್ಚಿದ್ದು ನನಗೆ ನೆನಪಿತ್ತು. ಇನ್ನೇನು ಹೂಂ ಅನ್ನುತ್ತಾಳೆ ಎಂದುಕೊಂಡೆ. ಅತ್ತೆಯ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

‘ಹಗೇವಿನ ಬಾಯಿ ಮುಚ್ಚಿಸ್ರಿ, ಹುಡುಗಿ ಬಿದ್ದೀತು’ ಎಂದಳು ಅವ್ವ. ‘ಆದ್ರ ಆ ಕುಣಿಗೆ ಕಲ್ಲ ಹಾಸಬ್ಯಾಡ್ರಿ. ಅಲ್ಲಿ ನಮ್ಮ ಅಕ್ಕಾರು ಕುಂಡ್ರತಾರ.’

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಚಕ್ಕಡಿಯಿಂದ ಇಳಿದ ದಿನವೂ ಅಳದವಳು. ಅಪ್ಪ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈ ಇಟ್ಟ. ನಾನು ಕುಣಿಯೊಳಗೆ ಇಣುಕಿದೆ. ಅಳುತ್ತಿದ್ದರೂ ಅವಳ ಕಾಲುಗಳು ಕೆಂಪು ಮಣ್ಣನ್ನು ಒಂದೇ ಸಮ ತುಳಿಯುತ್ತಲೇ ಇದ್ದವು.